ಎಲ್ಲಿಗೂ ಹೋಗದ ಹಡಗಿನಲ್ಲಿ ಪಂಚಮಿ

ಬೈಲಹೊಂಗಲದ ನಿಲ್ದಾಣದಿಂದ ಧಾರವಾಡದ ಬಸ್ಸು ಹೊರಟಾಗ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ನಾವು ಐವರಿದ್ದೆವು: ನಾನು, ನನ್ನ ಹೆಂಡತಿ ಕಸ್ತೂರಿ, ನನ್ನ ಮೂವರು ಸಹೋದರಿಯರು. ಹಿರಿಯಳು ನೀಲವ್ವಕ್ಕ, ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ಕೊಟ್ಟವಳು. ನನಗಿಂತ ಚಿಕ್ಕವಳಾದ ಗಂಗಾ ಕಿತ್ತೂರಿನವಳು. ಎಲ್ಲರಿಗಿಂತ ಕಿರಿಯಳು ಸುಮಂಗಲಾ, ಸವದತ್ತಿಯ ಸೊಸೆ. ಕಿತ್ತೂರಿನಿಂದ ಧಾರವಾಡಕ್ಕೆ ನೇರ ಹೆದ್ದಾರಿ ಇರುವಾಗ ಗಂಗಾ ಅಲ್ಲಿಯೇ ಬಂದು ನಮ್ಮನ್ನು ಕೂಡಿಕೊಳ್ಳಬಹುದಿತ್ತು. ಆದರೆ ಪಂಚಮಿಗೆಂದು ಹೊರಟ ಹೆಣ್ಣುಮಗಳು ಮೊದಲು ತವರಿನ ಹೊಸ್ತಿಲು ತುಳಿಯಬೇಕು ಎಂದು ಹಟ ಹಿಡಿದು ಬೈಲಹೊಂಗಲಕ್ಕೇ ಬಂದಳು. ಕಂಡಕ್ಟರು ನಾಲ್ವರು ಹೆಂಗಸರಿಗೂ ಸೊನ್ನೆ ರೂಪಾಯಿಯ ತಿಕೀಟು ಕೊಟ್ಟು ನನ್ನೊಬ್ಬನ ಕಡೆ ಕೈ ಚಾಚಿದ. ಅಲ್ಲಿಂದ ಮುಂದಕ್ಕೆ ಈ ಪ್ರವಾಸದಲ್ಲಿ ಸೊನ್ನೆ ರೂಪಾಯಿಗೆ ಏನೂ ಸಿಗಲಿಲ್ಲ.

ನಾವು ಹೊರಟದ್ದು ಚೆನ್ನೈಗೆ, ಹಡಗು ಹತ್ತಲು. ಅದರ ಕಾರಣವನ್ನು ಮೊದಲೇ ಹೇಳಿಬಿಡಬೇಕು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದು ತರಬೇಕು. ಬಂದವರು ಜೋಕಾಲಿ ಆಡಬೇಕು, ಉಂಡೆ ತಿನ್ನಬೇಕು, ಕೆಲಸ ಮುಟ್ಟಬಾರದು. ಅವರು ಮುಟ್ಟದ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಕಸ್ತೂರಿಯ ಪಾಲಿಗೆ ಬಂದಿತ್ತು. ಶೇಂಗಾ ಉಂಡೆ, ಎಳ್ಳುಂಡೆ, ರವೆ ಉಂಡೆ, ಬೇಸನ್ ಉಂಡೆ, ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬಕ್ಕೆ ಓಣಿಗೆಲ್ಲ ಹಂಚುವ ರೊಟ್ಟಿ ಪಲ್ಯ, ಮೂವರು ನಾದಿನಿಯರಿಗೂ ಬೇರೆಬೇರೆ ಬುತ್ತಿ. ಈ ವರ್ಷ ಬೇಸಿಗೆಯಲ್ಲಿ ಒಂದು ದಿನ ಅವಳು ನನ್ನ ಮುಂದೆ ಮೊಬೈಲು ಹಿಡಿದಳು.

“ಇಲ್ಲಿ ನೋಡ್ರಿ. ಹಡಗಿನ ಪ್ರವಾಸ. ಕುಟುಂಬಕ್ಕ ಅಂತ ಬ್ಯಾರೆ ರೇಟ್ ಐತಿ. ಊಟ, ನಾಷ್ಟಾ, ಚಾ, ಎಲ್ಲಾ ಅದರಾಗ ಬಂತು. ಈ ಪಂಚಮಿಗೆ ಎಲ್ಲಾರ್ನೂ ಕರಕೊಂಡ ಹೋಗೂಣು.”

“ಹಬ್ಬ ಬಿಟ್ಟು ಹಡಗೇನು?”

“ಮೂವತ್ತು ವರ್ಷದ ಮ್ಯಾಲಾತ್ರಿ, ಪಂಚಮಿ ಅಂದ್ರ ನನಗ ಶೇಂಗಾ ಹುರಿಯೂ ಹೊಗಿನ. ಅದರಾಗ ಹೊರಗಿನ ತಿನಿಸ ತರಬ್ಯಾಡ್ರಿ ಅಂತ ಬರದಾರ. ಅದ ನನಗ ಭಾಳ ಸೇರೇತಿ.”

ನಾನು ಊರಿನ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟವನು. ಹತ್ತಿಯ ಅಂಡಿಗೆಯೊಳಗೆ ಕೈ ತೂರಿಸಿ ಒಂದು ಹಿಡಿ ಎಳೆದು ನೋಡದೆ ಬೆಲೆ ಮಾತಾಡಿದವನಲ್ಲ. ಈ ಮಾಲನ್ನು ನೋಡುವುದಕ್ಕೇ ಪೂರ್ತಿ ದುಡ್ಡು ಕಟ್ಟಬೇಕಾಗಿತ್ತು. ಕೊನೆಗೆ ಗಂಡಹೆಂಡತಿ ಒಂದು ಕರಾರಿಗೆ ಬಂದೆವು. ಕೊಟ್ಟ ದುಡ್ಡಿಗೆ ತಕ್ಕ ಮಾಲು ಎಂದಾದರೆ ಇನ್ನು ಮೇಲೆ ಪ್ರತಿ ಪಂಚಮಿಗೆ ಅಡುಗೆಮನೆಗೆ ಬೀಗ, ಎಲ್ಲರೂ ಸೇರಿ ಎಲ್ಲಿಗಾದರೂ ಹೋಗುವುದು. ಅಲ್ಲವೆಂದಾದರೆ ಮುಂದಿನ ವರ್ಷ ಯಥಾಪ್ರಕಾರ ಉಂಡೆ. ತೀರ್ಪು ನೀಲವ್ವಕ್ಕನದು, ಏಕೆಂದರೆ ನಮ್ಮ ಮನೆಯಲ್ಲಿ ಅವಳ ಮಾತಿನ ಮೇಲೆ ಮಾತಿಲ್ಲ. ಹೀಗಾಗಿ ಕಸ್ತೂರಿಯ ಮುಂದಿನ ಪಂಚಮಿಗಳೆಲ್ಲ ಆ ಹಡಗಿನ ಮೇಲೆ ನಿಂತವು.

ತಿಕೀಟು ಮಾಡಿಸಿಕೊಟ್ಟ ಏಜೆಂಟು ಬೆಳಗಾವಿಯವನು. “ಫ್ಯಾಮಿಲಿ ಅಂದ್ರ ನೀವು, ಮೇಡಮ್ಮಾರು, ಇಬ್ಬರು ಮಕ್ಕಳು. ಹೌದಲ್ರಿ?” ಎಂದು ಫೋನಿನಲ್ಲಿ ಕೇಳಿದ. ನಾನು, ಹೆಂಡತಿ, ಮೂವರು ಅಕ್ಕತಂಗಿಯರು ಎಂದೆ. ಅವನು, “ಹನ್ನೆರಡು ವರ್ಷದ ಒಳಗಿನವ್ರು ಯಾರರ ಅದಾರೇನ್ರಿ? ಅವರಿಗೆ ರಿಯಾಯತಿ ಐತಿ” ಎಂದ. “ಎಲ್ಲಾರಕಿಂತ ಸಣ್ಣಾಕಿಗೆ ಐವತ್ತೆಂಟು” ಎಂದೆ. ಒಂದು ಕೋಣೆಯಲ್ಲಿ ನಾಲ್ವರಿಗೆ ಜಾಗ, ಅದರಲ್ಲಿ ಮೂರನೆಯ, ನಾಲ್ಕನೆಯ ಮಂದಿಗೆ ದರ ಕಡಿಮೆ. ಆ ಕೋಣೆಯನ್ನು ಹೆಂಗಸರಿಗೆ ಹಿಡಿದೆ. ನನಗೆ ಕಿಟಕಿಯಿಲ್ಲದ ಇನ್ನೊಂದು ಕೋಣೆ. ಒಬ್ಬನೇ ಮಲಗಿದರೂ ಇಬ್ಬರ ದುಡ್ಡು. ತೆರಿಗೆ ಗಿರಿಗೆ ಎಲ್ಲ ಸೇರಿ ಒಂದು ಲಕ್ಷದ ಗಡಿ ದಾಟಿತು. ಆ ದುಡ್ಡಿಗೆ ಒಳ್ಳೆಯ ಮುರ್ರಾ ಎಮ್ಮೆ ಬರುತ್ತದೆ, ಅದು ಎರಡೇ ರಾತ್ರಿಗೆ ಮುಗಿದೂ ಹೋಗುವುದಿಲ್ಲ.

ಧಾರವಾಡದಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಎಲ್ಲರೂ ಹಾಸಿಗೆ ಹಾಸಿಕೊಳ್ಳುವ ಹೊತ್ತಿಗೆ ಅಕ್ಕ ಕಾಲು ಮಡಚಿ ಕೂತು ಒಂದು ಮಾತು ಎತ್ತಿದಳು.

“ಬಸೂ, ನಾಡದ ಪಂಚಮಿ. ಅವತ್ತ ನಾವು ಹಂಚಿನ ಮ್ಯಾಲೆ ಬೇಯಿಸಿದ್ದು ತಿನ್ನಾಂಗಿಲ್ಲ, ಕರದಿದ್ದು ತಿನ್ನಾಂಗಿಲ್ಲ, ಇಳಗಿಲೆ ಹೆಚ್ಚಿದ್ದು ತಿನ್ನಾಂಗಿಲ್ಲ. ನೆನಪೈತೇನ?”

ನಮ್ಮ ಮನೆತನದ ನೇಮವದು. ಆ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ, ಎಣ್ಣೆ ಕಾಯಿಸುವುದಿಲ್ಲ, ಈಳಿಗೆ ಹಿಡಿಯುವುದಿಲ್ಲ. ಕುದಿಸಿದ ಕಡುಬು, ನೆನೆಸಿದ ಕಾಳು ಮತ್ತು ಮೊದಲೇ ಕಟ್ಟಿಟ್ಟ ಉಂಡೆ, ಅಷ್ಟೇ. ದರದಲ್ಲಿ ಅರ್ಧದಷ್ಟಾದರೂ ಊಟದ್ದು ಎಂದು ನಾನು ಲೆಕ್ಕ ಹಾಕಿದ್ದೆ. ಹಡಗಿನಲ್ಲಿ ನಮಗೆ ಸಿಗುವ ಪೂರ್ತಿ ದಿನ ಎಂಬುದು ಒಂದೇ, ಆ ದಿನವೇ ಪಂಚಮಿ, ಆ ದಿನವೇ ನಾವು ಏನೂ ತಿನ್ನುವಂತಿಲ್ಲ. ಅಂಗಡಿಯಲ್ಲಿ ಯಾರಾದರೂ ಇಂಥ ವ್ಯಾಪಾರ ಮಾಡಿದ್ದರೆ ನಾನು ವಾರಗಟ್ಟಲೆ ನಗುತ್ತಿದ್ದೆ. ಕಸ್ತೂರಿ ಎದುರಿನ ಸೀಟಿನಲ್ಲಿ ಚಾದರ ಮಡಚಿ ಬಿಚ್ಚಿ ಮಡಚುತ್ತಿದ್ದಳು.

“ಉಂಡಿ ಕಟ್ಕೊಂಡ ಬರಬೇಕಿತ್ತೇನ್ರಿ ಅಕ್ಕಾರ?” ಎಂದು ಸಣ್ಣ ದನಿಯಲ್ಲಿ ಕೇಳಿದಳು.

“ಒಳಗ ಬಿಡಾಂಗಿಲ್ಲ ಅಂತ ನೀನ ಹೇಳಿದಿ. ಹೋಗ್ಲಿ, ನೋಡೂಣು” ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಬೆಂಗಳೂರಿನಲ್ಲಿ ಇಡ್ಲಿ ತಿಂದು, ಇನ್ನೊಂದು ರೈಲು ಹಿಡಿದು ಮಧ್ಯಾಹ್ನಕ್ಕೆ ಚೆನ್ನೈ ಮುಟ್ಟಿದೆವು. ಅಲ್ಲಿ ಮಳೆಯ ಸುಳಿವಿಲ್ಲ, ಬೆವರು ಕಿತ್ತು ಬರುವ ಸೆಕೆ. ಬಂದರಿನ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದಾಗ ಅಕ್ಕ ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ತೆಗೆದು, “ಇಲ್ಲೂ ಹೆಂಗಸರಿಗೆ ಫುಕಟ ಏನೋ?” ಎಂದಳು. ಸುಮಂಗಲಾ ನಕ್ಕು ನಕ್ಕು ಕೆಮ್ಮಿದಳು. ಹಡಗು ಕಂಡಾಗ ನಾವೆಲ್ಲರೂ ಕತ್ತು ಮೇಲೆತ್ತಿದೆವು. ಹನ್ನೊಂದು ಅಂತಸ್ತಿನ ಬಿಳಿ ಕಟ್ಟಡವೊಂದು ನೀರಿನ ಮೇಲೆ ನಿಂತಿತ್ತು. ಗಂಗಾ ಅದರ ಫೋಟೋ ತೆಗೆಯಲು ಹಿಂದೆ ಹಿಂದೆ ಹೋಗಿ ಯಾರದೋ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

ಸಂಜೆ ಹಡಗು ದಡ ಬಿಟ್ಟಿತು. ಮೇಲಿನ ಅಂತಸ್ತಿನ ಬಯಲಿನಲ್ಲಿ, ಅವರು ಡೆಕ್ಕು ಎನ್ನುತ್ತಾರೆ, ಕಟಕಟೆ ಹಿಡಿದು ನಿಂತೆವು. ಚೆನ್ನೈನ ದೀಪಗಳು ಸಣ್ಣಗಾಗುತ್ತಿದ್ದವು.

“ಈಗ ಇದು ಯಾವ ಊರಿಗೆ ಹೊಕ್ಕೈತೋ ಬಸೂ?” ಅಕ್ಕ ಕೇಳಿದಳು.

“ಯಾವ ಊರಿಗೂ ಇಲ್ಲಕ್ಕಾ. ಸಮುದ್ರದಾಗ ಅಡ್ಡಾಡಿ ಇಲ್ಲಿಗೇ ತಿರುಗಿ ಬರ್ತೈತಿ.”

“ಅಂದ್ರ ಹತ್ತಿದಲ್ಲೇ ಇಳಿಯೂದು?”

“ಹೌದು.”

“ಹತ್ತಿದಲ್ಲೇ ಇಳಿಯಾಕ ಲಕ್ಷ ರೂಪಾಯಿ! ನಮ್ಮ ರಾಮದುರ್ಗದ ಬಸ್ಸಿನ್ಯಾಗ ಹಿಂಗಂದ್ರ ಕಂಡಕ್ಟರ್ ನಿನ್ನ ಹುಚ್ಚ ಅಂತಾನ.”

ಕಸ್ತೂರಿ ನನ್ನ ಕಡೆ ನೋಡಿದಳು. ಆ ಪ್ರವಾಸದುದ್ದಕ್ಕೂ ಅಕ್ಕನ ಹುಬ್ಬು ಗಂಟಾದಾಗಲೆಲ್ಲ ಕಸ್ತೂರಿಯ ಮುಖ ಬಾಡುತ್ತಿತ್ತು. ಅವಳನ್ನು ಗೆಲ್ಲಿಸಬೇಕೆಂದು ನನಗೂ ಒಳಗೊಳಗೆ ಆಸೆ ಹುಟ್ಟಿತ್ತು. ಆದರೆ ಹೊರಗೆ ತೋರಿಸಿದರೆ ದಲಾಲಿಯ ಮಾನ ಉಳಿಯುವುದಿಲ್ಲ.

ಆ ರಾತ್ರಿಯ ಊಟದಲ್ಲಿ ಮಾತ್ರ ಯಾರೂ ತಪ್ಪು ಹುಡುಕಲಿಲ್ಲ. ಸಸ್ಯಾಹಾರಿಗಳಿಗೆ ಬೇರೆಯೇ ಸಾಲು ಇತ್ತು. ಪೂರಿ, ಪುಲಾವು, ಮೂರು ಥರದ ಪಲ್ಯ, ಗುಲಾಬ್ ಜಾಮೂನು, ಹೆಸರೇ ತಿಳಿಯದ ಬಿಳಿಯ ಸಿಹಿಗಳು. ನಾಳೆಯ ನಷ್ಟವನ್ನು ಇವತ್ತೇ ತುಂಬಿಕೊಳ್ಳಬೇಕೆಂದು ನಾನು ಹೊಟ್ಟೆ ಬಿರಿಯುವಂತೆ ತಿಂದೆ. ಅದರ ಫಲವನ್ನು ರಾತ್ರಿ ಕಿಟಕಿಯಿಲ್ಲದ ಕೋಣೆಯಲ್ಲಿ, ಹಡಗು ಹೊಯ್ದಾಡಿದಾಗ ಅನುಭವಿಸಿದೆ. ಹೆಂಗಸರ ಕೋಣೆಯಲ್ಲಿ ಅದೇ ಹೊಯ್ದಾಟಕ್ಕೆ ಸುಮಂಗಲಾ, “ಜೋಕಾಲಿ ಇಲ್ಲ ಅಂದ್ರಿ, ನೋಡ್ರಿ ಬಂತು” ಎಂದಳಂತೆ. “ಜೋಕಾಲಿ ಆದ್ರ ಸಾಕಂದಾಗ ಇಳೀಬೌದು” ಎಂದು ಅಕ್ಕ ಉತ್ತರ ಕೊಟ್ಟಳಂತೆ.

ಪಂಚಮಿಯ ಬೆಳಿಗ್ಗೆ ಸಮುದ್ರ ತಣ್ಣಗಾಗಿತ್ತು. ಹೆಂಗಸರು ತಲೆಗೆ ಎರೆದುಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ಅಕ್ಕ ತಂದಿದ್ದ ಬೆಳ್ಳಿಯ ಸಣ್ಣ ನಾಗಪ್ಪನನ್ನು ಕಿಟಕಿಯ ಕೆಳಗೆ ತಟ್ಟೆಯಲ್ಲಿಟ್ಟು ಹಾಲೆರೆದರು. ಹಾಲನ್ನು ನಾಷ್ಟಾದ ಕೋಣೆಯಿಂದ ನಾನೇ ಎರಡು ಲೋಟ ತಂದಿದ್ದೆ. ಗಾಜಿನಾಚೆ ಕಣ್ಣು ಹಾಯುವವರೆಗೆ ನೀರೇ ನೀರು. ಅವರ ಪಾಲು, ನಮ್ಮ ಪಾಲು ಎಂದು ತವರಿನ, ಗಂಡನ ಮನೆಯ ಎಲ್ಲರ ಹೆಸರಿನಲ್ಲಿ ಚಮಚೆ ಚಮಚೆ ಹಾಲು ಬಿತ್ತು. ಕಸ್ತೂರಿ ಗಂಡನ ಮನೆಯ ಪಾಲನ್ನಷ್ಟೇ ಎರೆದಳು. ಅವಳು ಮನೋಳಿಯವಳು, ತಂದೆತಾಯಿಗೆ ಒಬ್ಬಳೇ ಮಗಳು. ಅವರಿಬ್ಬರೂ ತೀರಿದ ಮೇಲೆ ಅವಳನ್ನು ಪಂಚಮಿಗೆ ಕರೆಯಲು ಬರುವವರು ಯಾರೂ ಇಲ್ಲ.

ಆಮೇಲೆ ಊಟದ ಪರೀಕ್ಷೆ. ಸಾಲಾಗಿ ಇಟ್ಟ ಪಾತ್ರೆಗಳ ಮುಂದೆ ನಾವು ಐವರೂ ಮಾಲು ನೋಡುವ ದಲಾಲಿಗಳಂತೆ ನಡೆದೆವು. ದೋಸೆ ಹಂಚಿನದು, ಬೇಡ. ವಡೆ ಕರಿದದ್ದು, ಬೇಡ. ಹಣ್ಣು ಹೆಚ್ಚಿದ್ದು, ಬೇಡ. ಟೀವಿ ಧಾರಾವಾಹಿಗಳಿಂದ ಹಿಂದಿ ಕಲಿತ ಗಂಗಾ ಬಡಿಸುವವನಿಗೆ ನಮ್ಮ ನೇಮವನ್ನೆಲ್ಲ ವಿವರಿಸಿದಳು. ಅವನು ಕೇರಳದವನು. ತಲೆಯಾಡಿಸುತ್ತ ಕೇಳಿ, ಒಳಗೆ ಹೋಗಿ ಇಡ್ಲಿ, ಹಬೆಯಲ್ಲಿ ಬೆಂದ ಶ್ಯಾವಿಗೆ, ಸಿಪ್ಪೆ ಸುಲಿಯದ ಬಾಳೆಹಣ್ಣು ತಂದಿಟ್ಟ. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ನಾವು ಕೂತೆವು. ಕಸ್ತೂರಿ ಕೂಡಲಿಲ್ಲ. ಅಕ್ಕನ ತಾಟು ತಂದಳು, ಗಂಗಾಳಿಗೆ ಸಕ್ಕರೆ ತಂದಳು, ನೀರು ತರಲು ಹೋದಳು, ಸುಮಂಗಲಾಗೆ ಇನ್ನೊಂದು ಇಡ್ಲಿ ಬೇಕೇ ಎಂದು ಬಗ್ಗಿ ಕೇಳಿದಳು. ಬಡಿಸುವವರು ನಾಲ್ಕು ಮಂದಿ ಕೈಕಟ್ಟಿ ನಿಂತು ಅವಳನ್ನು ನೋಡುತ್ತಿದ್ದರು.

“ವೈನಿ, ಕುಂದರ್ರಿ. ಅವರಿಗೆ ಪಗಾರ ಕೊಡ್ತಾರ” ಎಂದಳು ಸುಮಂಗಲಾ.

“ಇರ್ಲಿ ಬಿಡ್ರಿ, ಎರಡು ಹೆಜ್ಜಿ” ಎಂದು ಅವಳು ಮತ್ತೆ ಹೊರಟಳು. ಅಕ್ಕ ತಾಟಿನಿಂದ ತಲೆಯೆತ್ತಿ ಅವಳ ಬೆನ್ನನ್ನೇ ನೋಡುತ್ತ ಕೂತಳು.

ನಾಷ್ಟಾ ಮುಗಿದ ಮೇಲೆ ಕೂದಲು ಆರಿಸಿಕೊಂಡು ಬರುತ್ತೇನೆಂದು ಹೋದ ಕಸ್ತೂರಿ ಎಷ್ಟು ಹೊತ್ತಾದರೂ ಬರಲಿಲ್ಲ. ಕೋಣೆಯಲ್ಲಿ ಇರಲಿಲ್ಲ. ಹಾಡು ಕುಣಿತದ ಸಭಾಗೃಹದಲ್ಲಿ ಇರಲಿಲ್ಲ. ಅಭ್ಯಾಸಬಲದಿಂದ ಅಡುಗೆಯವರ ಬಾಗಿಲಿಗೂ ಹೋಗಿ ಇಣುಕಿದೆ. ಸುತ್ತ ನೀರಿರುವಾಗ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ. ಅಷ್ಟರಲ್ಲಿ ಗಂಗಾ ಮೆಟ್ಟಿಲ ತುದಿಯಿಂದ ಕೈ ಬೀಸಿದಳು. “ಅಣ್ಣಾ, ಮ್ಯಾಲೆ ಬಾ. ಸಪ್ಪಳ ಮಾಡಬ್ಯಾಡ.”

ಡೆಕ್ಕಿನ ಒಂದು ಮೂಲೆಯಲ್ಲಿ, ಬಟ್ಟೆಯ ಚಪ್ಪರದ ಕೆಳಗೆ, ಕಾಲು ಚಾಚುವ ಉದ್ದನೆಯ ಕುರ್ಚಿಯಲ್ಲಿ ಕಸ್ತೂರಿ ನಿದ್ದೆ ಮಾಡುತ್ತಿದ್ದಳು. ಕೂದಲು ಬಿಚ್ಚಿ ಹರಡಿತ್ತು, ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ. ಮೂವರು ನಾದಿನಿಯರು ತೊಟ್ಟಿಲ ಕೂಸನ್ನು ನೋಡುವವರಂತೆ ಸುತ್ತ ನಿಂತಿದ್ದರು.

“ಎಬ್ಬಿಸ್ತೇನಿ, ಊಟದ ಹೊತ್ತಾತು” ಎಂದೆ.

“ಮುಟ್ಟೀಯೇನು!” ಎಂದು ಅಕ್ಕ ನನ್ನ ಕೈ ಹಿಡಿದಳು. “ಈಕಿ ಹಗಲ ನಿದ್ದಿ ಮಾಡಿದ್ದು ನಾ ಒಮ್ಮೆನೂ ನೋಡಿಲ್ಲ. ನೀ ನೋಡೀಯೇನು?”

ನಾನೂ ನೋಡಿರಲಿಲ್ಲ.

ಮಧ್ಯಾಹ್ನ ವಾಲಿದಂತೆ ಬಿಸಿಲು ಚಪ್ಪರದ ಅಡಿಗೆ ನುಸುಳಿ ಬಂತು. ಅಕ್ಕ ಒಂದು ಕುರ್ಚಿ ಎಳೆದುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಅವಳ ನೆರಳು ಕಸ್ತೂರಿಯ ಮುಖದ ಮೇಲೆ ಬಿತ್ತು. ಬಿಸಿಲು ಸರಿದಂತೆ ಅಕ್ಕನೂ ಕುರ್ಚಿ ಸರಿಸಿದಳು. ಕೆಳಗೆ ದುಡ್ಡು ಕೊಟ್ಟ ಊಟ ನಮಗಾಗಿ ಕಾಯುತ್ತಿತ್ತು. ಅನ್ನ, ಹಾಲು, ಮೊಸರು ಸಿಕ್ಕೇ ಸಿಗುತ್ತಿತ್ತು, ಅವು ಯಾವ ಹಂಚನ್ನೂ ಕಂಡವಲ್ಲ. ನಾನು ಗಡಿಯಾರ ನೋಡಿದೆ, ಮೆಟ್ಟಿಲು ನೋಡಿದೆ, ಅಕ್ಕನ ಮುಖ ನೋಡಿದೆ.

“ನಾ ಒಬ್ಬವನ ಹೋಗಿ ಒಂದ್ ತುತ್ತ…”

“ಹಬ್ಬದ ದಿವಸ ಮನಿ ಸೊಸಿ ಉಣ್ಣೂಕಿಂತ ಮೊದಲ ನೀ ಉಂಡೀ ಅಂದ್ರ ನೋಡು.”

ಊಟದ ಕೋಣೆ ಮುಚ್ಚಿತು. ಐವರ ಊಟ ಹೋಯಿತು. ದಲಾಲಿಯಾಗಿ ನನಗೆ ಹೊಟ್ಟೆ ಉರಿಯಿತು. ಆದರೆ ಅವಳು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನೋಡುತ್ತ ಕೂತದ್ದು ಆ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಸುಖ ಕೊಟ್ಟ ಹೊತ್ತು. ಅಕ್ಕನ ಬೆನ್ನಿನ ಕುಪ್ಪಸ ಬೆವರಿನಿಂದ ತೊಯ್ದು ಅಂಟಿತ್ತು. ಸುಮಂಗಲಾ ನಾ ಕೂಡುತ್ತೇನೆ ಎಂದರೂ ಅವಳು ಏಳಲಿಲ್ಲ.

ಕಸ್ತೂರಿ ಎಚ್ಚರಗೊಂಡವಳೇ ಗಾಬರಿಯಾಗಿ ಎದ್ದು ಕೂತು ಕೂದಲು ಗಂಟು ಹಾಕಿದಳು. “ಅಯ್ಯ ಶಿವನ, ಎಷ್ಟೊತ್ತಾತ್ರಿ? ಅಕ್ಕಾರ, ನಿಮ್ಮದೆಲ್ಲಾ ಊಟ ಆತಿಲ್ಲೋ?”

“ಆತವ್ವ. ಭಾಳ ಛಲೋ ಇತ್ತು” ಎಂದಳು ನೀಲವ್ವಕ್ಕ. ಪಂಚಮಿಯ ದಿನ, ಖಾಲಿ ಹೊಟ್ಟೆಯಲ್ಲಿ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಗಂಗಾ ಸಮುದ್ರದ ಕಡೆ ತಿರುಗಿ ನಿಂತಳು.

ಮರುದಿನ ಬೆಳಿಗ್ಗೆ ಹಡಗು ಹತ್ತಿದ ಜಾಗಕ್ಕೇ ನಮ್ಮನ್ನು ಇಳಿಸಿತು. ಚೆನ್ನೈನಿಂದ ಬೆಂಗಳೂರು, ಬೆಂಗಳೂರಿನಿಂದ ಧಾರವಾಡ, ಬಂದ ದಾರಿಯಲ್ಲೇ ತಿರುಗಿದೆವು. ದಾರಿಯುದ್ದಕ್ಕೂ ಕಸ್ತೂರಿ ಒಂದಲ್ಲ ಒಂದು ನೆವದಿಂದ ಅಕ್ಕನ ಬಾಯಿಂದ ಮಾತು ತೆಗೆಯಲು ನೋಡಿದಳು. ಹಾಸಿಗೆ ಮೆತ್ತಗಿತ್ತಲ್ಲವೇ, ನೀರು ಬಿಸಿಯಾಗಿ ಬರುತ್ತಿತ್ತಲ್ಲವೇ. ಅಕ್ಕ ಹೂಂ, ಹೂಂ ಎಂದಳೇ ಹೊರತು ತೀರ್ಪು ಕೊಡಲಿಲ್ಲ. ಧಾರವಾಡದಲ್ಲಿ ಮಳೆ ನಾವು ಬಿಟ್ಟುಹೋದ ಹಾಗೆಯೇ ಹಿಡಿದಿತ್ತು. ಬೈಲಹೊಂಗಲದ ಮನೆ ಮುಟ್ಟಿದಾಗ ಒಲೆ ತಣ್ಣಗಿತ್ತು. ಎದುರಿನ ಖಾನಾವಳಿಯಿಂದ ರೊಟ್ಟಿ ತರಿಸಿ ಉಂಡೆವು.

ಮರುದಿನ ಮೂವರೂ ತಮ್ಮ ತಮ್ಮ ಊರಿಗೆ ಹೊರಡುವವರು. ತವರಿನಿಂದ ಹೊರಟ ಹೆಣ್ಣುಮಕ್ಕಳಿಗೆ ಮನೆಯ ಸೊಸೆ ಉಡಿ ತುಂಬಬೇಕು. ಕಸ್ತೂರಿ ಪಡಸಾಲೆಯಲ್ಲಿ ಮಣೆ ಹಾಕಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ ಎಲ್ಲ ತಾಟಿನಲ್ಲಿ ಹಿಡಿದು ನಿಂತಳು. ಅಕ್ಕ ಮಣೆಯ ಮೇಲೆ ಕೂಡಲಿಲ್ಲ. ನನ್ನ ಕಡೆ ತಿರುಗಿದಳು.

“ಬಸೂ, ಹಡಗಿನ ಮಾತ ಹೇಳಿಬಿಡ್ತೇನಿ. ಕೊಟ್ಟ ರೊಕ್ಕಕ್ಕ ಮಾಲಿಲ್ಲ. ಹತ್ತಿದಲ್ಲೇ ಇಳಿಸಿದ್ರು, ಹಬ್ಬದ ದಿವಸ ಬರೇ ಇಡ್ಲಿ ತಿನಿಸಿದ್ರು. ತುಟ್ಟಿ ಆತು.”

ಕಸ್ತೂರಿಯ ಕೈಯ ತಾಟು ಸ್ವಲ್ಪ ಕೆಳಗಿಳಿಯಿತು. “ಆತ್ರಿ ಅಕ್ಕಾರ. ಮುಂದಿನ ವರ್ಷ ಮನ್ಯಾಗ ಮಾಡೂಣು. ಉಂಡಿ ಏನು, ಎರಡು ದಿನದ ಕೆಲಸ” ಎಂದಳು. ನಗಲು ನೋಡಿದಳು, ಆಗಲಿಲ್ಲ.

“ಮುಂದಿನ ವರ್ಷ ನೀ ಎಲ್ಲಿರ್ತಿ ಈ ಮನ್ಯಾಗ?” ಎಂದಳು ಅಕ್ಕ. ತಾಟನ್ನು ಅವಳ ಕೈಯಿಂದ ತೆಗೆದುಕೊಂಡು ಗಂಗಾಳಿಗೆ ಕೊಟ್ಟು, ಕಸ್ತೂರಿಯ ಎರಡೂ ಭುಜ ಹಿಡಿದು ಮಣೆಯ ಮೇಲೆ ಕೂಡಿಸಿದಳು. “ಪಂಚಮಿಗೆ ನನ್ನ ಮಗ ಬರ್ತಾನ ನಿನ್ನ ಕರ್ಯಾಕ. ಸುರೇಬಾನಕ್ಕ ಬಾ. ಎಂಟು ದಿವಸ ಇರು, ಹತ್ತು ದಿವಸ ಇರು. ಅಡಗಿಮನಿ ಕಡೆ ಹೋದಿ ಅಂದ್ರ ಕಾಲ ಮುರೀತೇನಿ. ಇನ್ನ ಮ್ಯಾಲೆ ಅದ ನಿನ್ನ ತವರಮನಿ. ಸೆರಗ ಹಿಡಿ.”

“ಅಕ್ಕಾರ…”

“ಸೆರಗ ಹಿಡಿ ಅಂದೆ.”

ಕಸ್ತೂರಿ ಸೆರಗು ಒಡ್ಡಿದಳು. ಅಕ್ಕ ಬೊಗಸೆ ತುಂಬ ಅಕ್ಕಿ ಹಾಕಿದಳು. ಗಂಗಾ, ಸುಮಂಗಲಾ ಕೊಬ್ಬರಿ, ಖಣ ಹಾಕಿದರು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ, ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು. ಸುಮಂಗಲಾ ತನ್ನ ಸೆರಗಿನಿಂದ ಒರೆಸಿದಳು.

“ಮತ್ತ ನೀವು ಮೂವರು? ನಿಮ್ಮ ತವರು ಇದಲ್ಲೇನು?” ನಾನು ಕೇಳಿದೆ.

“ನಾವೂ ಅಲ್ಲೇ ಕೂಡ್ತೇವಿ. ನೀನೂ ಬಾ. ಉಂಡಿ ಕಟ್ಟಾಕ ಒಬ್ಬರು ಬೇಕಲ್ಲ” ಎಂದಳು ಅಕ್ಕ.

ಬಸ್ ನಿಲ್ದಾಣಕ್ಕೆ ಹೋದಾಗ ಮಳೆ ಬಿಡುವು ಕೊಟ್ಟಿತ್ತು. ಗಂಗಾ ಕಿತ್ತೂರಿನ ಬಸ್ಸು ಹಿಡಿದಳು. ಸುಮಂಗಲಾ ಮತ್ತು ಅಕ್ಕ ಸವದತ್ತಿಯ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಕೂತರು. ಕಂಡಕ್ಟರು ಸೀಟಿ ಊದಿದ ಮೇಲೆ ಕಸ್ತೂರಿ ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಬೇಗ ಬೇಗ ನಡೆದಳು.

“ಅಕ್ಕಾರ, ಯಾವತ್ತ ಕಳಸ್ತೀರಿ ನಿಮ್ಮ ಮಗನ್ನ? ರೊಟ್ಟಿ ಹಬ್ಬದ ದಿವಸನೋ, ಅದರ ಹಿಂದಿನ ದಿವಸನೋ?”

“ವಾರ ಮೊದಲ ಕಳಸ್ತೇನಿ!” ಅಕ್ಕನ ಕೈ ಕಿಟಕಿಯಿಂದ ಹೊರಗೆ ಆಡುತ್ತಿತ್ತು.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ನಾವಿಬ್ಬರೂ ಮನೆಯ ಕಡೆ ಹೊರಟೆವು. ಎಂದಿನಂತೆ ಅವಳು ಹಿಂದೆ ಬರುತ್ತಾಳೆಂದು ತಿರುಗಿ ನೋಡಿದರೆ, ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರು ದಾಟಿ ನನಗಿಂತ ಮುಂದೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು:

“ಮುಂದಿನ ಪಂಚಮಿಗೆ ನಿಮ್ಮ ಊಟದ ವ್ಯವಸ್ಥಾ ನೀವು ನೋಡಿಕೋರಿ. ನಾ ಊರಾಗ ಇರೂದಿಲ್ಲ.”